ಓಟಿನ ದಿನ ಬಾಯಿ ಕಟ್ಟಿದ ಟಿವಿ

ಬ್ರಿಟನ್‌ನಲ್ಲಿ ನೆಲೆಸಿರುವ ಭಾರತದ ಪಾಸ್‌ಪೋರ್ಟಿನವರಿಗೂ ಇಲ್ಲಿನ ಸಂಸತ್ ಚುನಾವಣೆಯಲ್ಲಿ ಓಟಿದೆ. ಕಾಮನ್‌ವೆಲ್ತ್ ದೇಶದವರು ಅನ್ನೋ ಲೆಕ್ಕದಲ್ಲಿ. 2024ರ ಜುಲೈ 4ರಂದು ನಾನೂ ಓಟು ಹಾಕಿ ಬಂದು ಟಿವಿ ಹಾಕಿದೆ. ನಾಯಕರು ಮತಗಟ್ಟೆಗೆ ನಡೆದು ಹೋಗುವುದು, ಮಳೆ ಬರುತ್ತಾ ಇಲ್ವಾ ಅನ್ನುವುದು, ಅಷ್ಟೇ ಸುದ್ದಿ. ಆಗಲೇ ಚಿಂತಾಮಣಿಯಿಂದ ಚಿಕ್ಕಪ್ಪನ ಫೋನು.

"ಏನಪ್ಪಾ, ಯಾರು ಗೆಲ್ತಾರಂತೆ?"

"ರಾತ್ರಿ ಹತ್ತರವರೆಗೆ ಟಿವಿಯವರು ಬಾಯಿ ಬಿಡೋ ಹಾಗಿಲ್ಲ ಚಿಕ್ಕಪ್ಪ."

"ಮತ್ತೆ ಬೆಳಗ್ಗಿಂದ ಕೂತ್ಕೊಂಡು ಏನ್ ಮಾಡ್ತಾರೆ, ಪಾಪ?"

ಇಲ್ಲಿ ಟಿವಿ, ರೇಡಿಯೊಗಳ ಮೇಲೆ ಕಣ್ಣಿಡುವುದು ಆಫ್‌ಕಾಮ್ ಅನ್ನೋ ಸಂಸ್ಥೆ. ಅದರ ನಿಯಮದ ಪ್ರಕಾರ ಬೆಳಗ್ಗೆ 7ಕ್ಕೆ ಮತದಾನ ಶುರುವಾಯಿತೆಂದರೆ ಚುನಾವಣೆಯ ಚರ್ಚೆ, ವಿಶ್ಲೇಷಣೆ ಬಂದ್. ಮತದಾನ ಮುಗಿಯುವವರೆಗೆ ಸಮೀಕ್ಷೆಯ ಫಲಿತಾಂಶವನ್ನೂ ಹೇಳುವಂತಿಲ್ಲ. ಉಳಿದ ದಿನಗಳಲ್ಲೂ ಸುದ್ದಿ ಒಂದು ಕಡೆಗೆ ವಾಲಬಾರದು. ಹಾಗಂತ ಗಡಿಯಾರ ಹಿಡಿದು ಎಲ್ಲರಿಗೂ ಸಮಯ ಹಂಚಬೇಕು ಅಂತಲ್ಲ. ಹಿಂದೆ ಎಷ್ಟು ಓಟು ಬಿದ್ದಿತ್ತು, ಈಗ ಎಷ್ಟು ಬೆಂಬಲ ಇದೆ ಅಂತ ನೋಡಿ ಜಾಗ ಕೊಡುತ್ತಾರೆ.

ಎಲ್ಲರೂ ತಲೆಬಾಗಿಸಿ ಕೇಳ್ತಾರೆ ಅಂದುಕೊಳ್ಳಬೇಡಿ. ಜಿಬಿ ನ್ಯೂಸ್ ಚಾನೆಲ್ ಆಗಿನ ಪ್ರಧಾನಿ ರಿಷಿ ಸುನಕ್ ಅವರನ್ನು ಕೂರಿಸಿ, ಜನರಿಂದ ಪ್ರಶ್ನೆ ಕೇಳಿಸಿತ್ತು. ಬೇರೆ ಕಡೆಯವರ ಮಾತಿಗೆ ಸಾಕಷ್ಟು ಜಾಗ ಇರಲಿಲ್ಲ ಅಂತ 2024ರ ಅಕ್ಟೋಬರ್‌ನಲ್ಲಿ ಆಫ್‌ಕಾಮ್ ಒಂದು ಲಕ್ಷ ಪೌಂಡ್ ದಂಡ ಹಾಕಿತು. ಚಾನೆಲ್ ಕೋರ್ಟಿಗೂ ಹೋಯಿತು. ರಾಜಕಾರಣಿಗಳೇ ಕಾರ್ಯಕ್ರಮ ನಡೆಸಿಕೊಡುವ ಬೇರೊಂದು ವಿಷಯದಲ್ಲಿ 2025ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದೇ ಚಾನೆಲ್ ಪರ ತೀರ್ಪು ಕೊಟ್ಟಿತು. ಅಂದರೆ ಜಗಳ ಇಲ್ಲೂ ಇದೆ. ಆದರೆ ಜಗಳ ಆಡೋಕೆ ಒಂದು ಕಾನೂನಾದರೂ ಇದೆ. ನಮ್ಮ ಖಾಸಗಿ ಸುದ್ದಿ ಚಾನೆಲ್‌ಗಳಿಗೆ ಬಹುಪಾಲು ಅವರವರೇ ಮಾಡಿಕೊಂಡ ಕಟ್ಟಳೆ ತಾನೇ?

ನಮ್ಮಲ್ಲೂ ಮತದಾನ ಮುಗಿಯುವ ಹೊತ್ತಿನ ಹಿಂದಿನ 48 ಗಂಟೆ ಟಿವಿಯಲ್ಲಿ ಚುನಾವಣಾ ಪ್ರಚಾರ ಬರಬಾರದು. ಕಾಗದದ ಮೇಲೆ ಇದು ಬ್ರಿಟನ್‌ಗಿಂತ ಬಿಗಿ. ಆದರೆ 2024ರಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಏಪ್ರಿಲ್ 26ಕ್ಕೆ ಓಟು ಹಾಕಿದವು, ಉತ್ತರ ಕರ್ನಾಟಕ ಮೇ 7ಕ್ಕೆ. ಕೋಲಾರದಲ್ಲಿ ಕಾಣುವ ಚಾನೆಲ್ಲೇ ಕಲಬುರಗಿಯಲ್ಲೂ ಕಾಣುತ್ತದೆ. ಕಲಬುರಗಿಯ ಭಾಷಣ ಕೋಲಾರದ ಮನೆಯೊಳಗೆ ಬರದೆ ಇರುತ್ತಾ? ಬ್ರಿಟನ್‌ನವರಿಗೆ ಇಡೀ ದೇಶಕ್ಕೆ ಒಂದೇ ದಿನ ಓಟು. ಬಾಯಿ ಕಟ್ಟೋದು ಸುಲಭ, ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಏಳು ಹಂತದಲ್ಲಿ ಓಟು ಹಾಕೋ ನಮಗೆ ಆ ನಿಯಮ ಹಾಗೇ ಒಗ್ಗಲ್ಲ.

ಚಿಕ್ಕಪ್ಪನಿಗೆ ನಿಜವಾಗಿ ಇಷ್ಟವಾಗಿದ್ದು ಇನ್ನೊಂದು. ಇಲ್ಲಿ ಪಕ್ಷಗಳು ದುಡ್ಡು ಕೊಟ್ಟು ಟಿವಿ, ರೇಡಿಯೊದಲ್ಲಿ ಜಾಹೀರಾತು ಹಾಕಿಸುವಂತೆಯೇ ಇಲ್ಲ. ಗೊತ್ತುಮಾಡಿದಷ್ಟು ಹೊತ್ತು ಪುಕ್ಕಟೆ ಕೊಡುತ್ತಾರೆ, ಮುಗೀತು. ನಮ್ಮಲ್ಲಿ ಪುಕ್ಕಟೆ ಸಮಯ ಸಿಗುವುದು ದೂರದರ್ಶನ, ಆಕಾಶವಾಣಿಯಲ್ಲಿ. ಖಾಸಗಿ ಚಾನೆಲ್‌ನಲ್ಲಿ ಮೊದಲೇ ಒಪ್ಪಿಗೆ ಪಡೆದರೆ ಎಷ್ಟು ಬೇಕಾದರೂ ಜಾಹೀರಾತು ಓಡಿಸಬಹುದು. ಇದೊಂದನ್ನು ಮಾತ್ರ ಹಂತ, ಜಿಲ್ಲೆ ಯಾವ ನೆಪವೂ ಇಲ್ಲದೆ ನಾವೂ ತರಬಹುದು ಅಂತ ನನಗನಿಸುತ್ತೆ.