ಬರ್ಲಿನ್ನಿನ ಬೋಳು ಗೋಡೆಗಳು: ಚಿತ್ರಕ್ಕಿಂತ ಮೊದಲು ಪಕ್ಕದ ಸೈಟು ನೋಡಿ

ಬರ್ಲಿನ್ನಿನಲ್ಲಿ ಇಷ್ಟೊಂದು ದೈತ್ಯ ಗೋಡೆಚಿತ್ರಗಳು ಯಾಕಿವೆ ಅಂತ ಕಲಾವಿದರನ್ನು ಕೇಳಿ ಪ್ರಯೋಜನವಿಲ್ಲ, ಕಟ್ಟಡದ ಮೇಸ್ತ್ರಿಯನ್ನು ಕೇಳಬೇಕು. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಎದ್ದ ಬಾಡಿಗೆ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡೇ ನಿಂತವು. ಸೂರಿನ ಎತ್ತರ ಹೆಚ್ಚುಕಡಿಮೆ 22 ಮೀಟರ್. ಒಂದು ಮನೆಗೆ ಬೆಂಕಿ ಬಿದ್ದರೆ ಪಕ್ಕದ್ದಕ್ಕೆ ಹಬ್ಬಬಾರದಲ್ಲ, ಅದಕ್ಕೇ ಎರಡರ ನಡುವೆ ಕಿಟಕಿಯೇ ಇಲ್ಲದ ದಪ್ಪ ಗೋಡೆ. ಜರ್ಮನ್ನರು ಬ್ರಾಂಡ್‌ವಾಂಡ್ (ಬೆಂಕಿಗೋಡೆ) ಅನ್ನುವುದು ಇದಕ್ಕೇ. ಎರಡನೇ ಮಹಾಯುದ್ಧದ ಬಾಂಬಿಗೆ ಪಕ್ಕದ ಮನೆಗಳು ಉರುಳಿದಾಗ, ಯಾರ ಕಣ್ಣಿಗೂ ಬೀಳಬೇಕಿಲ್ಲದ ಈ ಗೋಡೆಗಳು ಬೀದಿಗೆ ಮುಖ ಮಾಡಿದವು. ಆ ಸೈಟುಗಳಲ್ಲಿ ಎಷ್ಟೋ ದಶಕಗಟ್ಟಲೆ ಖಾಲಿ ಬಿದ್ದವು.

ಹಾಗಾಗಿ ಇಲ್ಲಿ ಚಿತ್ರದ ಆಯಸ್ಸು ನಿಂತಿರುವುದು ಬಣ್ಣದ ಗುಣಮಟ್ಟದ ಮೇಲಲ್ಲ, ಪಕ್ಕದ ಖಾಲಿ ಸೈಟಿನ ಮೇಲೆ. ಬೇಲಿ ಹಾಕಿ ತಳಪಾಯ ಅಗೆಯಲು ಶುರು ಮಾಡಿದ್ದಾರೆ ಅಂದರೆ ಆ ಗೋಡೆಯನ್ನು ಮೊದಲು ನೋಡಿಬಿಡಿ, ಮುಂದಿನ ಬೇಸಿಗೆಗೆ ಅದು ಕಾಣುವುದಿಲ್ಲ. ಇನ್ನೊಂದು ಅಪಾಯ ಯಾರ ಗಮನಕ್ಕೂ ಬರುವುದಿಲ್ಲ: ಚಳಿ ತಡೆಯಲು ಹಳೆಯ ಗೋಡೆಯ ಹೊರಗೆ ದಪ್ಪ ಫೋಮ್ ಹಲಗೆ ಅಂಟಿಸಿ, ಮೇಲೆ ಗಿಲಾವು ಮಾಡುತ್ತಾರೆ. ಚಿತ್ರ ಅದರೊಳಗೇ ಹೂತುಹೋಗುತ್ತದೆ.

ಕ್ರೊಯ್ಟ್ಸ್‌ಬರ್ಗ್ ಬಡಾವಣೆಯ ಕುವ್ರಿಸ್ಟ್ರಾಸೆ ಬೀದಿಯಲ್ಲಿ ನಡೆದದ್ದು ಈ ಲೆಕ್ಕಕ್ಕೂ ಸಿಗದ ಘಟನೆ. ಇಟಲಿಯ ಕಲಾವಿದ ಬ್ಲೂ 2007 ಮತ್ತು 2008ರಲ್ಲಿ ಅಲ್ಲಿ ಎರಡು ದೈತ್ಯ ಚಿತ್ರ ಬರೆದಿದ್ದ. ಒಂದರಲ್ಲಿ ಒಬ್ಬರ ಮುಖವಾಡ ಒಬ್ಬರು ಕಳಚುವ ಇಬ್ಬರು, ಇನ್ನೊಂದರಲ್ಲಿ ಎರಡೂ ಕೈಗೆ ಚಿನ್ನದ ವಾಚು ಕಟ್ಟಿ ಅದಕ್ಕೇ ಸರಪಳಿ ಬಿಗಿದುಕೊಂಡ ತಲೆಯಿಲ್ಲದ ಮನುಷ್ಯ. ಎದುರಿನ ಖಾಲಿ ಜಾಗದಲ್ಲಿ ಹೊಸ ಕಟ್ಟಡ ಬರುವುದು ಖಚಿತವಾದಾಗ, 2014ರ ಡಿಸೆಂಬರಿನಲ್ಲಿ ಬ್ಲೂನ ಒಪ್ಪಿಗೆಯಿಂದಲೇ ಎರಡಕ್ಕೂ ಕಪ್ಪು ಬಳಿದರು. ಚಿತ್ರದ ಹೆಸರಿನಲ್ಲಿ ಫ್ಲಾಟಿನ ಬೆಲೆ ಏರುವುದು ಬೇಡ ಅನ್ನುವುದು ವಾದ. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನವೇ.

ಈಗ ಬಣ್ಣದ ಲೆಕ್ಕಕ್ಕೆ ಬರೋಣ. ಮರಿಯಾನೆನ್‌ಸ್ಟ್ರಾಸೆಯಲ್ಲಿ ವಿಕ್ಟರ್ ಆಶ್ 2007ರಲ್ಲಿ ಬರೆದ ಗಗನಯಾತ್ರಿಯ ಚಿತ್ರ ಸುಮಾರು 22 ಮೀಟರ್ ಎತ್ತರ, 14 ಮೀಟರ್ ಅಗಲ, ಅಂದರೆ 300 ಚದರ ಮೀಟರಿಗೂ ಮೇಲೆ. ಹೊರಗೋಡೆಯ ಬಣ್ಣ ಒಂದು ಸಲ ಬಳಿಯಲು ಚದರ ಮೀಟರಿಗೆ 150ರಿಂದ 200 ಮಿಲಿ ಹಿಡಿಯುತ್ತದೆ. ಇಷ್ಟು ದೊಡ್ಡ ಗೋಡೆಗೆ ಎರಡು ಕೋಟು ತಳಬಣ್ಣ ಹೊಡೆಯುವುದಕ್ಕೇ ನೂರು ಲೀಟರ್ ಬೇಕು. 400 ಮಿಲಿಯ ಸ್ಪ್ರೇ ಡಬ್ಬಿ ಒಂದೂವರೆ-ಎರಡು ಚದರ ಮೀಟರಿಗೆ ಮುಗಿಯುತ್ತದೆ. ಅದಕ್ಕೇ ದೊಡ್ಡ ಜಾಗವನ್ನೆಲ್ಲ ರೋಲರಿನಲ್ಲಿ ಮುಗಿಸಿ, ಅಂಚು, ನೆರಳು, ಕಣ್ಣಿನ ಹೊಳಪಿಗೆ ಮಾತ್ರ ಸ್ಪ್ರೇ ಹಿಡಿಯುವುದು.

ಅಳತೆ ತಪ್ಪದಿರಲು ಈಗ ಚೌಕದ ಗೆರೆಗಿಂತ ಗೀಚುವ ಪದ್ಧತಿಯೇ ಹೆಚ್ಚು. ಗೋಡೆ ತುಂಬ ಅಡ್ಡಾದಿಡ್ಡಿ ಅಕ್ಷರ, ಸುರುಳಿ, ಬಾಣ ಗೀಚಿ, ಎದುರಿನಿಂದ ಫೋಟೋ ತೆಗೆದು, ಫೋನಿನಲ್ಲಿ ಅದರ ಮೇಲೆ ರೇಖಾಚಿತ್ರ ಕೂರಿಸುತ್ತಾರೆ. ಲಿಫ್ಟಿನ ಬುಟ್ಟಿಯಲ್ಲಿ ಗೋಡೆಗೆ ಮೂಗು ತಾಗಿಸಿ ನಿಂತವನಿಗೆ ಚಿತ್ರ ಕಾಣುವುದಿಲ್ಲ. "ಕಿವಿಯ ಅಂಚು ಆ ಸುರುಳಿಯ ಎಡಕ್ಕೆ" ಅನ್ನುವುದು ಮಾತ್ರ ಗೊತ್ತಾಗುತ್ತದೆ.

ಕೆಡುವುದು ಎಲ್ಲಿ? ಬಹುಪಾಲು ನೆತ್ತಿಯಲ್ಲಿ. ಗೋಡೆಯ ತಲೆಗೆ ಹೊದಿಸಿದ ತಗಡು ಸಡಿಲವಾದರೆ ಮಳೆನೀರು ಇಟ್ಟಿಗೆಯೊಳಗೆ ಇಳಿಯುತ್ತದೆ. ಅಕ್ರಿಲಿಕ್ ಪದರ ದಪ್ಪಗಿದ್ದರೆ ಆ ತೇವ ಹೊರಗೆ ಹೋಗಲಾರದೆ ಗುಳ್ಳೆ ಏಳುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಕ್ಕಳೆಯಾಗಿ ಉದುರುತ್ತದೆ. ಸಿಲಿಕೇಟ್ ಬಣ್ಣ ಗಿಲಾವಿನ ಜೊತೆ ರಾಸಾಯನಿಕವಾಗಿ ಬೆರೆಯುವುದರಿಂದ ಈ ತಾಪತ್ರಯ ಕಡಿಮೆ, ಆದರೆ ಹಳೆಯ ಅಕ್ರಿಲಿಕ್ ಮೇಲೆ ಅದು ಕೂರುವುದಿಲ್ಲ. ಇನ್ನೊಂದು ಈ ಊರಿನದೇ ಕಾಟ: ಕಲ್ಲಿದ್ದಲು ಒಲೆಗಳ ಹೊಗೆಗೂಡು ಎಷ್ಟೋ ಕಡೆ ಇದೇ ಗೋಡೆಯೊಳಗೆ ಹಾದುಹೋಗಿದೆ. ಅದರ ಟಾರು ಕಂದು ಕಲೆಯಾಗಿ ಉದ್ದಕ್ಕೆ ಒಸರುತ್ತದೆ. ಕಲೆ ತಡೆಯುವ ಪ್ರೈಮರ್ ಹಾಕದೆ ಬಿಳಿ ಬಳಿದರೆ ಕೆಲವೇ ತಿಂಗಳಲ್ಲಿ ಮತ್ತೆ ಹಾಜರು. ತಾಪಮಾನ 5 ಡಿಗ್ರಿಗಿಂತ ಕೆಳಗಿದ್ದರೆ ಅಕ್ರಿಲಿಕ್ ಪದರ ಸರಿಯಾಗಿ ಕೂಡುವುದೇ ಇಲ್ಲ, ಹಾಗಾಗಿ ನವೆಂಬರಿನಿಂದ ಫೆಬ್ರವರಿವರೆಗೆ ಕೆಲಸ ಬಹುತೇಕ ಬಂದ್. ನೋಡುವವರಿಗೆ ಮಾತ್ರ ಅದೇ ಒಳ್ಳೆಯ ಕಾಲ: ಎಲೆ ಉದುರಿದ ಮರಗಳು ಗೋಡೆಗೆ ಅಡ್ಡ ಬರುವುದಿಲ್ಲ.

ನಡೆದು ನೋಡುವುದಾದರೆ ಕಾಟ್‌ಬುಸರ್ ಟೋರ್ ನಿಲ್ದಾಣದಿಂದ ಹೊರಡಿ. ಗಗನಯಾತ್ರಿಯನ್ನು ನೋಡಿ, ಮೆಟ್ರೋ ಹಳಿಯ ಗುಂಟ ಶ್ಲೆಸಿಶೆಸ್ ಟೋರ್‌ವರೆಗೆ ಬಂದರೆ ಬ್ರೆಜಿಲ್‌ನ ಓಸ್ ಜೇಮಿಯೋಸ್ ಅವಳಿ ಸೋದರರ ಹಳದಿ ಮನುಷ್ಯ ಇದ್ದಾನೆ. ಒಬರ್‌ಬೌಮ್ ಸೇತುವೆ ದಾಟಿದರೆ ಈಸ್ಟ್ ಸೈಡ್ ಗ್ಯಾಲರಿ: ಉಳಿದ ಬರ್ಲಿನ್ ಗೋಡೆಯ 1,316 ಮೀಟರ್ ಮೇಲೆ 1990ರಲ್ಲಿ 21 ದೇಶಗಳ 118 ಕಲಾವಿದರು ಬರೆದದ್ದು. ಈಗ ಕಾಣುವುದು ಬಹುಪಾಲು 2009ರ ಪ್ರತಿ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟ್ ಸೀಳಿದ್ದರಿಂದ ಹಳೆಯ ಬಣ್ಣ ಕೆರೆದು, ಕಲಾವಿದರಿಂದಲೇ ಮತ್ತೆ ಬರೆಸಿದರು. ಡ್ಮಿಟ್ರಿ ವ್ರೂಬೆಲ್‌ರ ಪ್ರಸಿದ್ಧ ಚುಂಬನದ ಚಿತ್ರವೂ ಹಾಗೆಯೇ. ಬೀದಿಯ ಬದಿ ಈಶಾನ್ಯಕ್ಕೆ ಮುಖ ಮಾಡಿರುವುದರಿಂದ ಬೆಳಗ್ಗೆಯೇ ಹೋಗಿ. ಮಧ್ಯಾಹ್ನದ ನಂತರ ಬಿಸಿಲು ಗೋಡೆಯ ಬೆನ್ನಿಗಿರುತ್ತದೆ.

ಸಾರ್ವಜನಿಕ ಜಾಗದಲ್ಲಿ ಕಾಯಂ ಇರುವ ಕೃತಿಯ ಫೋಟೋವನ್ನು ಬೀದಿಯಲ್ಲಿ ನಿಂತು ತೆಗೆದು ಪ್ರಕಟಿಸಲು ಜರ್ಮನ್ ಕಾನೂನಿನ ಅಡ್ಡಿಯಿಲ್ಲ. ಡ್ರೋನ್ ಫೋಟೋಗೆ ಈ ರಿಯಾಯಿತಿ ಇಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿದೆ.

ಇನ್ನು ಒಳಾಂಗಣ. ಬ್ಯೂಲೋಸ್ಟ್ರಾಸೆಯ ಬೀದಿಚಿತ್ರಗಳ ಮ್ಯೂಸಿಯಂ ಅರ್ಬನ್ ನೇಷನ್ 2017ರಲ್ಲಿ ತೆರೆದದ್ದು, ಪ್ರವೇಶ ಉಚಿತ. ಬೀದಿಚಿತ್ರವನ್ನು ಒಳಗೆ ತಂದು ದೀಪ ಹಾಕಿದರೆ ಅರ್ಧ ಸತ್ವ ಹೋಗುತ್ತದೆ ಅನ್ನಿಸಿದರೂ ಸುತ್ತಲಿನ ಕಟ್ಟಡಗಳ ಚಿತ್ರಗಳಿಗಾಗಿಯಾದರೂ ಹೋಗಬೇಕು. ಸಮಕಾಲೀನ ಕಲೆಗೆ ಔಗುಸ್ಟ್‌ಸ್ಟ್ರಾಸೆಯ ಕೆಡಬ್ಲ್ಯು ಕಲಾಕೇಂದ್ರ ನನ್ನ ಮೊದಲ ಆಯ್ಕೆ. ಹಳೆಯ ಮಾರ್ಗರಿನ್ ಕಾರ್ಖಾನೆ, ಮಂಗಳವಾರ ರಜೆ. ಹಳೆಯ ರೈಲು ನಿಲ್ದಾಣದಲ್ಲಿರುವ ಹಾಂಬುರ್ಗರ್ ಬಾನ್‌ಹೋಫ್ ಮ್ಯೂಸಿಯಂಗೆ ಸೋಮವಾರ ರಜೆ. ಬೊರೊಸ್ ಎಂಬ ಖಾಸಗಿ ಕಲಾಸಂಗ್ರಹ ಇರುವುದು 1940ರ ದಶಕದ ಬಾಂಬ್ ಆಶ್ರಯದೊಳಗೆ. ಯುದ್ಧದ ನಂತರ ಅದು ಸೆರೆಮನೆ, ಬಾಳೆಹಣ್ಣಿನ ಗೋದಾಮು, ಟೆಕ್ನೋ ಕ್ಲಬ್ ಎಲ್ಲವೂ ಆಗಿತ್ತು. ಸಣ್ಣ ಗುಂಪಾಗಿ ಮಾರ್ಗದರ್ಶಿಯ ಜೊತೆಗೇ ಒಳಗೆ ಬಿಡುತ್ತಾರೆ, ಒಳಗೆ ಫೋಟೋ ತೆಗೆಯುವಂತಿಲ್ಲ. ವಿಮಾನದ ಟಿಕೆಟ್ ಮಾಡಿಸಿದ ದಿನವೇ ಇದರ ಟಿಕೆಟನ್ನೂ ಆನ್‌ಲೈನಿನಲ್ಲಿ ಮಾಡಿಸಿಬಿಡಿ, ಬಾಗಿಲಲ್ಲಿ ನಿಂತು ಕೇಳಿದರೆ ಸಿಗುವ ನೆಚ್ಚಿಕೆಯಿಲ್ಲ.