ಮೊಳೆಯ ತೂತು

ಅಕ್ಟೋಬರ್ 14, 2023, ಶನಿವಾರ

ನೆದರ್‌ಲ್ಯಾಂಡ್ಸ್‌ನ ಓಟರ್ಲೊ ಊರಿಗೆ ಬಂದವರು ಸಾಮಾನ್ಯವಾಗಿ ಹೋಗುವುದು ಕ್ರೊಲರ್-ಮುಲ್ಲರ್ ಮ್ಯೂಸಿಯಮ್ಮಿಗೆ, ವ್ಯಾನ್ ಗೋ ಚಿತ್ರ ನೋಡಲು. ಗೆಳತಿಯನ್ನು ಅತ್ತ ಕಳಿಸಿ ನಾನು ಊರೊಳಗಿನ ಟೈಲ್ಸ್ ಮ್ಯೂಸಿಯಮ್ಮಿಗೆ ನುಗ್ಗಿದೆ.

ಬಿಳಿಯ ಮೇಲೆ ನೀಲಿ ಚಿತ್ರವಿರುವ ಹಳೆಯ ಡಚ್ ಟೈಲ್‌ಗಳಿಗೆ ಎಲ್ಲರ ಬಾಯಲ್ಲೂ ‘ಡೆಲ್ಫ್ಟ್ ಟೈಲ್ಸ್’ ಎಂದೇ ಹೆಸರು. ಆದರೆ ಡೆಲ್ಫ್ಟ್ ಊರಿನವರ ಕೈಚಳಕ ಹೆಚ್ಚಾಗಿ ತಟ್ಟೆ, ಹೂಜಿಗಳಲ್ಲಿ. ಟೈಲ್ಸ್ ರಾಶಿರಾಶಿ ತಯಾರಾಗುತ್ತಿದ್ದದ್ದು ರಾಟರ್‌ಡ್ಯಾಮ್, ಉಟ್ರೆಕ್ಟ್, ಹಾರ್ಲಿಂಗನ್‌ನಂಥ ಊರುಗಳಲ್ಲಿ.

ನಾನು ತುಂಬ ಹೊತ್ತು ನಿಂತದ್ದು 17ನೇ ಶತಮಾನದ ಮಕ್ಕಳಾಟದ ಟೈಲ್‌ಗಳ ಮುಂದೆ. ಅಂಗೈಗಿಂತ ಚೂರು ದೊಡ್ಡವು, ಸುಮಾರು 13 ಸೆಂಟಿಮೀಟರ್ ಚೌಕ. ಒಬ್ಬ ಹುಡುಗ ಬುಗುರಿ ಆಡುತ್ತಿದ್ದಾನೆ. ನಮ್ಮಲ್ಲಿ ಬುಗುರಿಗೆ ಸುತ್ತುವ ದಾರಕ್ಕೆ ಚಾಟಿ ಅನ್ನುತ್ತೇವೆ. ಇವನ ಕೈಲಿರುವುದು ನಿಜವಾದ ಚಾಟಿ, ಬುಗುರಿಗೆ ಹೊಡೆದು ಹೊಡೆದೇ ತಿರುಗಿಸುತ್ತಾನೆ!

ಚಿತ್ರ ಮೂಡಿಸುತ್ತಿದ್ದ ಬಗೆ ನಮ್ಮ ರಂಗೋಲಿ ಅಚ್ಚಿನ ಹಾಗೇ. ಕಾಗದದಲ್ಲಿ ಗೆರೆಗುಂಟ ಸೂಜಿಯಿಂದ ಚುಚ್ಚಿ, ಮೇಲೆ ಇದ್ದಿಲ ಪುಡಿಯ ಗಂಟು ತಟ್ಟಿದರೆ ಚುಕ್ಕೆ ಬೀಳುತ್ತವೆ. ಒಮ್ಮೆ ಸುಟ್ಟ ಹೆಂಚಿನ ಮೇಲೆ ತವರದ ಬಿಳಿ ಲೇಪ, ಅದಿನ್ನೂ ಹಸಿ ಪುಡಿಯಂತಿರುವಾಗಲೇ ಕೋಬಾಲ್ಟ್ ನೀಲಿಯಲ್ಲಿ ಕುಂಚ ಆಡಬೇಕು, ಆಮೇಲೆ ಇನ್ನೊಮ್ಮೆ ಗೂಡಿಗೆ. ತಿದ್ದುವ ಮಾತೇ ಇಲ್ಲ. ಅದಕ್ಕೇ ಒಂದೇ ಅಚ್ಚಿನಿಂದ ಬಂದ ಹುಡುಗರಲ್ಲೂ ಒಬ್ಬ ನಗುತ್ತಾನೆ, ಇನ್ನೊಬ್ಬನ ಮೂಗು ಸೊಟ್ಟ.

ಬಗ್ಗಿ ನೋಡಿದರೆ ಮೂಲೆಯಲ್ಲಿ ಸಣ್ಣ ತೂತು. ಹಸಿ ಮಣ್ಣಿನ ಹಲಗೆಯನ್ನು ಅಳತೆಗೆ ಕತ್ತರಿಸಲು ಮೇಲೊಂದು ಮರದ ಚೌಕ ಇಡುತ್ತಿದ್ದರು. ಅದು ಜಾರದಿರಲೆಂದು ಮೂಲೆಗಳಲ್ಲಿ ಮೊಳೆಯ ತುದಿ. ಆ ಮೊಳೆಯ ಗುರುತು ನಾಲ್ಕು ನೂರು ವರ್ಷ ಹತ್ತಿರವಾದರೂ ಮುಚ್ಚಿಲ್ಲ.

ಇವುಗಳಿಗೆ ದೊಡ್ಡ ಶತ್ರು ಉಪ್ಪು. ಒದ್ದೆ ಗೋಡೆಯ ಉಪ್ಪನ್ನು ಮಣ್ಣು ಹೀರಿಕೊಂಡಿರುತ್ತದೆ. ಒಣಗಿದಾಗ ಅದು ಹರಳುಗಟ್ಟಿ, ಮೇಲಿನ ಲೇಪವನ್ನು ಒಳಗಿನಿಂದ ದಬ್ಬಿ ಚಕ್ಕೆ ಎಬ್ಬಿಸುತ್ತದೆ. ಹಾಗಾಗಿ ಮ್ಯೂಸಿಯಮ್ಮುಗಳಲ್ಲಿ ಇಂಥವನ್ನು ಶುದ್ಧ ನೀರಿನಲ್ಲಿ ನೆನೆಹಾಕಿ, ನೀರು ಬದಲಾಯಿಸುತ್ತ ವಾರಗಟ್ಟಲೆ ಉಪ್ಪು ಬಿಡಿಸುತ್ತಾರೆ. ಹಳೆಯ ಸುಣ್ಣದ ಗಾರೆಯಿಂದ ಟೈಲ್ ಹೇಗೋ ಎದ್ದು ಬರುತ್ತದೆ. ಯಾರೋ ಮಹಾಶಯ ಸಿಮೆಂಟ್ ಮೆತ್ತಿದ್ದರೆ ಟೈಲೇ ಒಡೆಯುತ್ತದೆ.

ಸಂಜೆ ಬಸ್ಸಿನಲ್ಲಿ ಗೆಳತಿ ಫೋನ್ ತುಂಬ ವ್ಯಾನ್ ಗೋ ತೋರಿಸಿದಳು. ನಾನು ಮೊಳೆ ತೂತಿನ ಹನ್ನೊಂದು ಫೋಟೊ ತೋರಿಸಿದೆ.

“ಇದಕ್ಕೇನೇ ಹೋಗಿದ್ದು?” ಅಂದಳು.