ಫೋನಿಗೆ ಹೇಳುವುದು, ಫೋನಿನೊಳಗೆ ಹುಡುಕುವುದು

ಸ್ಮಾರ್ಟ್‌ಫೋನಿನಲ್ಲಿ ಬೇಕಾದದ್ದನ್ನು ತಲುಪಲು ಇಂದು ಮೂರು ದಾರಿಗಳಿವೆ. ಬೆರಳಿನಿಂದ ಒಂದೊಂದೇ ಪರದೆಯನ್ನು ದಾಟುತ್ತ ಹೋಗಬಹುದು, ಸರ್ಚ್ ಪಟ್ಟಿಯಲ್ಲಿ ನಾಲ್ಕು ಅಕ್ಷರ ಒತ್ತಬಹುದು, ಇಲ್ಲವೇ ಧ್ವನಿ ಸಹಾಯಕವನ್ನು ಕರೆದು ಬಾಯಲ್ಲೇ ಹೇಳಬಹುದು. ಮೊದಲ ದಾರಿ ಎಲ್ಲರಿಗೂ ರೂಢಿಯಾಗಿದೆ, ಮೂರನೆಯದರ ಬಗ್ಗೆ ಫೋನ್ ತಯಾರಕರು ಸಾಕಷ್ಟು ಪ್ರಚಾರ ಮಾಡಿದ್ದಾರೆ, ಆದರೆ ನಡುವಿನ ದಾರಿಯನ್ನು ಬಹಳ ಜನ ಗಮನಿಸಿಯೇ ಇಲ್ಲ. ಧ್ವನಿಯನ್ನೂ ಹುಡುಕಾಟವನ್ನೂ ಬಹುಕಾಲ ಜೊತೆಜೊತೆಯಾಗಿ ಬಳಸಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಹೇಳಿದ ಕೆಲಸ ಸರಿಯಾಗಿ ಆಯಿತೇ ಎಂದು ಆ ಕ್ಷಣವೇ ತಿಳಿಯುವಂತಿದ್ದರೆ ಧ್ವನಿ ಸಹಾಯಕ ಬಹಳ ಒಳ್ಳೆಯ ಸಾಧನ, ಹಾಗೆ ತಿಳಿಯದ ಕಡೆ, ಅದರಲ್ಲೂ ನಮ್ಮದೇ ಫೋನಿನಲ್ಲಿ ಎಲ್ಲೋ ಇರುವುದನ್ನು ಹುಡುಕಿಕೊಡು ಎಂದು ಕೇಳುವಾಗ, ಅದು ಕೊಟ್ಟ ಉತ್ತರವನ್ನೇ ಕೊನೆಯದೆಂದು ಒಪ್ಪಬಾರದು.

ಮಾತನ್ನು ಗುರುತಿಸುವ ಯಂತ್ರಗಳಿಗೆ ಎಪ್ಪತ್ತು ವರ್ಷ ಮೀರಿದ ಇತಿಹಾಸವಿದೆ. 1952ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸಿದ್ಧವಾದ ‘ಆಡ್ರಿ’ ಅಂಕಿಗಳನ್ನಷ್ಟೇ ಗುರುತಿಸುತ್ತಿತ್ತು. ಐಬಿಎಂ 1962ರಲ್ಲಿ ತೋರಿಸಿದ ‘ಶೂಬಾಕ್ಸ್’ಗೆ ಗೊತ್ತಿದ್ದದ್ದು 16 ಪದಗಳು. 2011ರ ಅಕ್ಟೋಬರ್‌ನಲ್ಲಿ ಐಫೋನ್ 4ಎಸ್ ಜೊತೆಗೆ ಸಿರಿ ಬಂದ ಮೇಲೆ ಧ್ವನಿ ಸಹಾಯಕ ಎಂಬುದು ಜನಸಾಮಾನ್ಯರ ಜೇಬಿಗಿಳಿಯಿತು, 2016ರಲ್ಲಿ ಗೂಗಲ್ ಅಸಿಸ್ಟೆಂಟ್ ಬಂತು. ಪದಗಳ ಸಂಖ್ಯೆಗೆ ಈಗ ಮಿತಿ ಇಲ್ಲದಂತಾಗಿದೆ. ಆದರೆ ನಾವು ಆಡಿದ ಒಂದು ವಾಕ್ಯ ಕೆಲಸವಾಗಿ ಮಾರ್ಪಡುವುದಕ್ಕೆ ಮುಂಚೆ ಹಲವು ಹಂತಗಳನ್ನು ದಾಟಬೇಕು. ಕರೆಯುವ ಪದವನ್ನು ಸದಾ ಕಿವಿಗೊಟ್ಟು ಕಾಯುವ, ಬಹಳ ಕಡಿಮೆ ವಿದ್ಯುತ್ ಬಳಸುವ ಪುಟ್ಟ ವ್ಯವಸ್ಥೆ ಒಂದಿರುತ್ತದೆ. ಅದು ಎಚ್ಚರಗೊಂಡ ಮೇಲೆ ಮಾತನ್ನು ಅಕ್ಷರಕ್ಕಿಳಿಸುವ ಹಂತ. ಆ ಅಕ್ಷರಗಳಿಂದ ‘ಇವರು ಕೇಳುತ್ತಿರುವುದು ಅಲಾರ್ಮ್, ಸಮಯ ಬೆಳಿಗ್ಗೆ ಐದೂವರೆ’ ಎಂದು ಉದ್ದೇಶವನ್ನೂ ವಿವರವನ್ನೂ ಬೇರ್ಪಡಿಸುವ ಹಂತ. ಕೊನೆಗೆ ಸಂಬಂಧಪಟ್ಟ ಆ್ಯಪ್‌ಗೆ ಅದನ್ನು ಒಪ್ಪಿಸುವ ಹಂತ. ತಪ್ಪು ಇವುಗಳಲ್ಲಿ ಎಲ್ಲಿ ಬೇಕಾದರೂ ಆಗಬಹುದು, ಆದರೆ ಬಳಸುವವರ ಕಿವಿಗೆ ಬೀಳುವುದು ಕೊನೆಯ ಉತ್ತರ ಮಾತ್ರ. ‘ಕ್ಷಮಿಸಿ, ಅದು ನನ್ನಿಂದಾಗದು’ ಎಂದಾಗ ಅದಕ್ಕೆ ಮಾತು ಕೇಳಿಸಲಿಲ್ಲವೋ, ಕೇಳಿಸಿಯೂ ಅರ್ಥವಾಗಲಿಲ್ಲವೋ, ಅರ್ಥವಾದರೂ ಆ ಆ್ಯಪ್ ಒಳಗೆ ಬಿಟ್ಟುಕೊಳ್ಳಲಿಲ್ಲವೋ ಎಂಬುದು ನಮಗೆ ಗೊತ್ತಾಗುವುದಿಲ್ಲ. ಮುಂದೆ ನಾನು ಹೇಳಲಿರುವ ಬಹುತೇಕ ತೊಂದರೆಗಳ ಮೂಲ ಇಲ್ಲೇ ಇದೆ.

ಟೈಮರ್, ಅಲಾರ್ಮ್, ಟಾರ್ಚ್, ಕರೆ, ಜ್ಞಾಪನೆ ಇವುಗಳಲ್ಲಿ ಧ್ವನಿ ಸಹಾಯಕ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದರೆ ಆ ಕೆಲಸಗಳನ್ನು ಬೆರಳಿನಿಂದ ಮಾಡುವುದನ್ನೇ ನಾನು ಬಿಟ್ಟಿದ್ದೇನೆ. ಇಲ್ಲಿ ಕೇಳಬಹುದಾದ ವಿಷಯ ಸೀಮಿತ, ತುಂಬಬೇಕಾದ ವಿವರ ಒಂದೋ ಎರಡೋ, ಮತ್ತು ಫಲಿತಾಂಶ ಕಣ್ಣೆದುರಿಗೇ ಇರುತ್ತದೆ. ಹದಿನೈದು ನಿಮಿಷ ಎಂದದ್ದು ಐವತ್ತು ಎಂದು ಕೇಳಿಸಿದ್ದರೆ ಪರದೆಯೇ ಅದನ್ನು ತೋರಿಸಿಬಿಡುತ್ತದೆ. ಒಂದು ಸ್ಥಳವನ್ನು ತಲುಪಿದಾಗ ನೆನಪಿಸು ಎಂಬಂಥ ಜ್ಞಾಪನೆಯನ್ನು ಬೆರಳಿನಿಂದ ಸಿದ್ಧಪಡಿಸಲು ನಾಲ್ಕಾರು ಪರದೆ ದಾಟಬೇಕು, ಬಾಯಲ್ಲಿ ಹೇಳಲು ಒಂದೇ ವಾಕ್ಯ ಸಾಕು.

ಅನುಕೂಲ ಎಂಬ ಮಾತು ತೀರಾ ಚಿಕ್ಕದಾಗುವ ಸಂದರ್ಭಗಳೂ ಇವೆ. ನಮ್ಮ ಮನೆಯಲ್ಲಿ ದೃಷ್ಟಿ ಮಂದವಾಗಿರುವ ಹಿರಿಯರೊಬ್ಬರಿದ್ದಾರೆ. ಹೆಸರು ಹೇಳಿ ಕರೆ ಮಾಡುವುದು, ಬಂದ ಸಂದೇಶವನ್ನು ಓದಿಸಿಕೊಳ್ಳುವುದು, ಉತ್ತರವನ್ನು ಹೇಳಿ ಕಳಿಸುವುದು ಇವೆಲ್ಲ ಅವರಿಗೆ ಇನ್ನೊಬ್ಬರನ್ನು ಕೇಳದೆ ಬದುಕುವ ದಾರಿ. ಇಲ್ಲಿ ಒಂದು ವ್ಯತ್ಯಾಸವನ್ನು ಒತ್ತಿ ಹೇಳಬೇಕು, ಏಕೆಂದರೆ ಬಹಳ ಜನಕ್ಕೆ ಇದು ತಿಳಿದಿಲ್ಲ. ಧ್ವನಿ ಸಹಾಯಕ ಬೇರೆ, ಧ್ವನಿಯಿಂದ ಫೋನನ್ನು ನಡೆಸುವ ಸೌಲಭ್ಯ ಬೇರೆ. ಆಂಡ್ರಾಯ್ಡ್‌ಗೆ 2018ರಲ್ಲಿ ಬಂದ ವಾಯ್ಸ್ ಆ್ಯಕ್ಸೆಸ್, ಐಫೋನಿಗೆ 2019ರಲ್ಲಿ ಐಓಎಸ್ 13ರೊಂದಿಗೆ ಬಂದ ವಾಯ್ಸ್ ಕಂಟ್ರೋಲ್ ಇವೆರಡೂ ಎರಡನೆಯ ಬಗೆಯವು. ಇವು ಪರದೆಯ ಮೇಲಿನ ಪ್ರತಿಯೊಂದು ಗುಂಡಿಗೂ ಒಂದು ಸಂಖ್ಯೆಯನ್ನು ಅಂಟಿಸಿ ತೋರಿಸಬಲ್ಲವು. ‘ಏಳನ್ನು ಒತ್ತು’ ಎಂದರೆ ಏಳನೆಯದನ್ನು ಒತ್ತುತ್ತವೆ. ಕೈ ನಡುಗುವವರಿಗೆ, ಕೈ ಬಳಸಲಾಗದವರಿಗೆ ಇದು ಸಹಾಯಕಕ್ಕಿಂತ ಎಷ್ಟೋ ನಂಬಿಕಸ್ಥ, ಏಕೆಂದರೆ ಇಲ್ಲಿ ಊಹೆಗೆ ಜಾಗ ಕಡಿಮೆ: ಏನೇನು ಸಾಧ್ಯವೆಂಬುದು ಪರದೆಯ ಮೇಲೇ ಇದೆ. ಕಣ್ಣು ಕಾಣದವರಿಗಾದರೆ ಪರದೆಯನ್ನು ಓದಿ ಹೇಳುವ ವಾಯ್ಸ್‌ಓವರ್ ಐಫೋನಿನಲ್ಲಿ 2009ರಿಂದಲೂ ಇದೆ, ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಇದೆ. ಇವೆಲ್ಲ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಎಂಬ ಮೂಲೆಯಲ್ಲಿ ಕುಳಿತಿರುವುದರಿಂದ, ಅತ್ಯಂತ ಅಗತ್ಯವಿರುವವರಿಗೇ ಅವುಗಳ ಸುಳಿವು ಸಿಗದೆ ಹೋಗುತ್ತದೆ ಎಂಬುದು ನನಗೆ ನಿಜವಾಗಿಯೂ ಬೇಸರದ ವಿಷಯ.

ಮಿತಿಗಳಿಗೆ ಬಂದರೆ, ಮೊದಲನೆಯದು ಉಚ್ಚಾರಣೆ. ಮಾತನ್ನು ಗುರುತಿಸುವ ಮಾದರಿ ಯಾರ ಮಾತುಗಳಿಂದ ಕಲಿತಿದೆಯೋ ಅವರ ಮಾತನ್ನೇ ಅದು ಚೆನ್ನಾಗಿ ಹಿಡಿಯುತ್ತದೆ. ಅಮೆಜಾನ್, ಆ್ಯಪಲ್, ಗೂಗಲ್, ಐಬಿಎಂ, ಮೈಕ್ರೋಸಾಫ್ಟ್ ಈ ಐದೂ ಕಂಪನಿಗಳ ವ್ಯವಸ್ಥೆಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬಿಳಿಯರ ಇಂಗ್ಲಿಷ್ ಮಾತಿನಲ್ಲಿ ಸರಾಸರಿ ನೂರು ಪದಗಳಿಗೆ 19 ತಪ್ಪುಗಳಾದರೆ, ಕಪ್ಪು ವರ್ಣೀಯರ ಮಾತಿನಲ್ಲಿ 35 ತಪ್ಪುಗಳಾಗಿದ್ದವು. ಒಂದೇ ದೇಶದ, ಒಂದೇ ಭಾಷೆಯ ಜನರ ನಡುವೆಯೇ ಇಷ್ಟು ಅಂತರವಿದ್ದರೆ, ಕಲಿಕೆಗೆ ಒದಗಿಸಿದ ಧ್ವನಿಮುದ್ರಣ ಕಡಿಮೆಯಿರುವ ಭಾಷೆಗಳ ಮತ್ತು ಉಪಭಾಷೆಗಳ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಗೂಗಲ್‌ನ ಧ್ವನಿ ಹುಡುಕಾಟಕ್ಕೆ ಕನ್ನಡ ಸೇರಿದ್ದು 2017ರಲ್ಲಿ. ನಿಧಾನವಾಗಿ, ಬರಹದ ಕನ್ನಡಕ್ಕೆ ಹತ್ತಿರವಾಗಿ ಮಾತಾಡಿದರೆ ಅದು ಮೆಚ್ಚುವಷ್ಟು ಸರಿಯಾಗಿ ಬರೆದುಕೊಳ್ಳುತ್ತದೆ. ಮನೆಮಾತಿನ ವೇಗಕ್ಕೆ ತಿರುಗಿದೊಡನೆ ತಡವರಿಸುತ್ತದೆ. ವ್ಯಕ್ತಿಗಳ ಹೆಸರು ಇನ್ನೂ ಕಷ್ಟ. ಸಾಮಾನ್ಯ ಪದಗಳನ್ನು ವಾಕ್ಯದ ಸಂದರ್ಭದಿಂದ ಊಹಿಸಬಹುದು, ಹೆಸರಿಗೆ ಅಂಥ ಆಸರೆಯಿಲ್ಲ. ಕಾಂಟ್ಯಾಕ್ಟ್ ಪಟ್ಟಿಯನ್ನು ನೋಡಿ ಹೊಂದಿಸುವ ಪ್ರಯತ್ನವನ್ನು ಸಹಾಯಕ ಮಾಡುತ್ತದೆ, ಆದರೆ ಅಲ್ಲಿ ಹೆಸರು ಬೇರೆ ಲಿಪಿಯಲ್ಲಿದ್ದರೆ ಅದೂ ಎಷ್ಟೋ ಸಲ ಕೈಕೊಡುತ್ತದೆ.

ಇದಕ್ಕಿಂತ ದೊಡ್ಡದೆಂದು ನನಗೆ ತೋರುವ ಮಿತಿ ಬೇರೊಂದಿದೆ. ಮಾತಾಡುವ ಸಾಧನಕ್ಕೆ ಮೆನು ಇಲ್ಲ. ಪರದೆಯಾದರೆ ತನ್ನಿಂದ ಏನೇನು ಸಾಧ್ಯವೆಂದು ಗುಂಡಿಗಳ ಮೂಲಕ ತೋರಿಸುತ್ತದೆ, ಸಾಧ್ಯವಿಲ್ಲದ್ದನ್ನು ಮಸುಕಾಗಿಸುತ್ತದೆ. ಸಹಾಯಕದ ಮುಂದೆ ಮಾತ್ರ ನಾವು ಕೇಳಿ ಕೇಳಿಯೇ ಅದರ ಎಲ್ಲೆಯನ್ನು ಕಂಡುಕೊಳ್ಳಬೇಕು, ಮತ್ತು ಎರಡು ಸಲ ಇಲ್ಲವೆನ್ನಿಸಿಕೊಂಡವರು ಮೂರನೆಯ ಸಲ ಕೇಳಲು ಹೋಗುವುದಿಲ್ಲ. ಬಹಳ ಜನ ವರ್ಷಗಟ್ಟಲೆ ಟೈಮರ್ ಮತ್ತು ಹವಾಮಾನದ ಆಚೆಗೆ ಹೋಗದಿರುವುದಕ್ಕೆ ಇದೇ ಕಾರಣವೆಂದು ನನ್ನ ಅಭಿಪ್ರಾಯ. ಇದರ ಜೊತೆಗೆ, ತನಗೆ ನಿಲುಕದ ಪ್ರಶ್ನೆ ಬಂದಾಗ ಅಂತರ್ಜಾಲದತ್ತ ಹೊರಳುವ ಚಾಳಿ ಸಹಾಯಕಗಳಿಗೆ ಅಂಟಿಕೊಂಡಿದೆ. ‘ನನ್ನ ವಿಮೆಯ ಪತ್ರ ಎಲ್ಲಿದೆ’ ಎಂದು ಕೇಳಿದರೆ ವಿಮೆ ಎಂದರೇನು ಎಂಬ ಪುಟ ತೆರೆಯುತ್ತದೆ. ಪತ್ರ ಫೋನಿನಲ್ಲಿಲ್ಲವೋ, ಇದ್ದೂ ಸಹಾಯಕ ಹುಡುಕಲಿಲ್ಲವೋ? ಆ ಪುಟ ಇದಕ್ಕೆ ಉತ್ತರ ಕೊಡುವುದಿಲ್ಲ.

ಇಂಥ ಕಡೆಯೇ ಫೋನಿನೊಳಗಿನ ಹುಡುಕಾಟ ನೆರವಿಗೆ ಬರುವುದು. ಮ್ಯಾಕ್ ಕಂಪ್ಯೂಟರುಗಳಲ್ಲಿ 2005ರಲ್ಲಿ ಶುರುವಾದ ‘ಸ್ಪಾಟ್‌ಲೈಟ್’ ಎಂಬ ಹುಡುಕಾಟ 2009ರಲ್ಲಿ ಐಫೋನಿಗೂ ಬಂತು. ಆಂಡ್ರಾಯ್ಡ್‌ನಲ್ಲಿ ಹೋಮ್ ಪರದೆಯ ಹುಡುಕಾಟ, ಸೆಟ್ಟಿಂಗ್ಸ್‌ನದು, ಫೈಲುಗಳದ್ದು, ಫೋಟೊಗಳದ್ದು ಎಂದು ಅದು ಹಲವು ಕಡೆ ಹಂಚಿಹೋಗಿದೆ. ಒಳಗಿನ ತತ್ತ್ವ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುವಂತೆ, ಯಾವ ಪದ ಯಾವ ಕಡತದಲ್ಲಿದೆ ಎಂಬ ಪಟ್ಟಿಯನ್ನು ಫೋನು ಬಿಡುವಿನಲ್ಲಿ ತಯಾರಿಸಿಟ್ಟುಕೊಂಡಿರುತ್ತದೆ, ನಾವು ಅಕ್ಷರ ಒತ್ತುತ್ತಿದ್ದಂತೆ ಆ ಪಟ್ಟಿಯಿಂದ ಎತ್ತಿಕೊಡುತ್ತದೆ. ಸೆಟ್ಟಿಂಗ್ಸ್ ಒಳಗಿನ ಹುಡುಕಾಟವೊಂದನ್ನೇ ರೂಢಿಸಿಕೊಂಡರೂ ಫೋನಿನೊಂದಿಗಿನ ಅರ್ಧ ಹೆಣಗಾಟ ತಪ್ಪುತ್ತದೆ. ಪ್ರತಿ ಹೊಸ ಆವೃತ್ತಿಯಲ್ಲೂ ಜಾಗ ಬದಲಾಯಿಸುವ ಆಯ್ಕೆಗಳನ್ನು ನೆನಪಿಡುವ ಅಗತ್ಯವೇ ಇರುವುದಿಲ್ಲ. ಫೋಟೊಗಳಲ್ಲಿ ಈಗ ಚಿತ್ರದೊಳಗಿನ ಬರಹವನ್ನೂ ಹುಡುಕಬಹುದು. ಐಫೋನಿಗೆ ಆ ಶಕ್ತಿ 2021ರಲ್ಲಿ ಐಓಎಸ್ 15ರೊಂದಿಗೆ ಬಂತು, ಗೂಗಲ್ ಫೋಟೋಸ್‌ನಲ್ಲೂ ಅದು ಇದೆ. ರಸೀದಿಯ ಚಿತ್ರ, ಟಿಕೆಟ್‌ನ ಸ್ಕ್ರೀನ್‌ಶಾಟ್, ಗೋಡೆಯ ಮೇಲಿನ ಸೂಚನೆ ಇವನ್ನೆಲ್ಲ ಅವುಗಳಲ್ಲಿರುವ ಒಂದು ಪದದಿಂದಲೇ ಹೊರತೆಗೆಯಬಹುದು. ಲಿಪಿಗಳ ವಿಷಯದಲ್ಲಿ ಮಾತ್ರ ಈ ಸೌಲಭ್ಯ ಇನ್ನೂ ಸಮಾನವಾಗಿಲ್ಲ. ಲ್ಯಾಟಿನ್ ಲಿಪಿಯ ಬರಹ ಸಿಗುವಷ್ಟು ಸುಲಭವಾಗಿ ಉಳಿದವು ಸಿಗುವುದಿಲ್ಲ.

ಹುಡುಕಾಟಕ್ಕೂ ಕುರುಡು ಜಾಗಗಳಿವೆ, ಮತ್ತು ಅವುಗಳನ್ನು ಅರಿತಿರುವುದು ಹುಡುಕುವ ಕಲೆಯ ದೊಡ್ಡ ಭಾಗ. ಒಂದೊಂದು ಆ್ಯಪ್‌ನ ಮಾಹಿತಿಯೂ ಅದರದೇ ಕೋಣೆಯಲ್ಲಿ ಬೀಗ ಹಾಕಿಕೊಂಡಿರುತ್ತದೆ. ಆ್ಯಪ್ ತಾನಾಗಿ ಸೂಚಿಗೆ ಒಪ್ಪಿಸಿದ್ದಷ್ಟೇ ಫೋನಿನ ಹುಡುಕಾಟಕ್ಕೆ ಕಾಣುತ್ತದೆ. ಆದ್ದರಿಂದ ಚಾಟ್‌ನಲ್ಲಿ ಬಂದ ವಿಳಾಸವನ್ನು ಚಾಟ್ ಆ್ಯಪ್ ಒಳಗೇ ಹುಡುಕುವುದು ಲೇಸು. ಇದು ದೋಷವೆಂದು ನಾನು ಹೇಳಲಾರೆ, ಖಾಸಗಿತನಕ್ಕಾಗಿ ತೆರುವ ಬೆಲೆ ಇದು. ಕ್ಲೌಡ್‌ನಲ್ಲಿರುವ ಕಡತದ ಹೆಸರು ಪಟ್ಟಿಯಲ್ಲಿ ಕಂಡರೂ ಒಳಗಿನ ಬರಹ ಫೋನಿಗೆ ಇಳಿದಿರದಿದ್ದರೆ ಅದನ್ನು ಫೋನು ಓದಿರುವುದಿಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ಎಂದರೆ ಎಷ್ಟೋ ಸಲ ಬರೀ ಚಿತ್ರ; ಅದರಲ್ಲಿ ಅಕ್ಷರಗಳೇ ಇರುವುದಿಲ್ಲ. ಇನ್ನು ವಿಭಕ್ತಿ ಪ್ರತ್ಯಯಗಳು ಪದಕ್ಕೆ ಅಂಟಿಕೊಳ್ಳುವ ನಮ್ಮದರಂಥ ಭಾಷೆಗಳಲ್ಲಿ, ‘ಗುರುತಿನ ಚೀಟಿ’ ಎಂಬ ಹೆಸರಿನ ಕಡತವನ್ನು ‘ಗುರುತು’ ಎಂದು ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ, ಏಕೆಂದರೆ ಯಂತ್ರ ಹೋಲಿಸುವುದು ಅಕ್ಷರಗಳನ್ನೇ ಹೊರತು ಪದದ ಮೂಲರೂಪವನ್ನಲ್ಲ. ಕೊನೆಯ ಸ್ವರವನ್ನು ಬಿಟ್ಟು ಪದದ ಮೊದಲ ಭಾಗವನ್ನಷ್ಟೇ ಬರೆಯುವುದು ನಾನು ಕಂಡುಕೊಂಡಿರುವ ಉಪಾಯ. ಮುಖ್ಯ ಕಡತಗಳಿಗೆ ವರ್ಷವನ್ನೂ ವಿಷಯವನ್ನೂ ಸೇರಿಸಿ ಹೆಸರಿಡುವ ಅಭ್ಯಾಸ ಇದಕ್ಕಿಂತಲೂ ಹೆಚ್ಚು ಉಪಯುಕ್ತ.

ಖಾಸಗಿತನದ ಮಾತು ಬಂದದ್ದರಿಂದ ಧ್ವನಿಯ ಬಗೆಗೂ ಎರಡು ಮಾತು ಹೇಳಬೇಕು. ಧ್ವನಿಮುದ್ರಣಗಳ ಒಂದು ಭಾಗವನ್ನು ಗುಣಮಟ್ಟದ ಪರೀಕ್ಷೆಗಾಗಿ ಮನುಷ್ಯರೇ ಕೇಳುತ್ತಿದ್ದರೆಂಬ ವಿಷಯ 2019ರಲ್ಲಿ ಅಮೆಜಾನ್, ಗೂಗಲ್, ಆ್ಯಪಲ್ ಮೂರೂ ಕಂಪನಿಗಳ ಬಗ್ಗೆ ಬಯಲಾಯಿತು. ಆ ಬಳಿಕ ಆ್ಯಪಲ್ ಇದನ್ನು ಬಳಕೆದಾರರು ಒಪ್ಪಿದರೆ ಮಾತ್ರ ಎಂದು ಬದಲಾಯಿಸಿತು. ಮಾತು ಫೋನಿನಿಂದ ಹೊರಗೆ ಹೋಗದಂತೆ ಮಾಡುವ ಕೆಲಸವೂ ಮುಂದುವರಿದಿದೆ. 2019ರಲ್ಲಿ ಗೂಗಲ್ ಪಿಕ್ಸೆಲ್ ಫೋನುಗಳ ಕೀಬೋರ್ಡ್‌ಗೆ ಇಂಗ್ಲಿಷ್ ಮಾತನ್ನು ಫೋನಿನಲ್ಲೇ ಅಕ್ಷರಕ್ಕಿಳಿಸುವ ಸುಮಾರು 80 ಮೆಗಾಬೈಟ್‌ನ ಮಾದರಿಯನ್ನು ಕೊಟ್ಟಿತು. 2021ರಿಂದ ಸಿರಿಯೂ ಅದಕ್ಕೆ ತಕ್ಕ ಸಾಮರ್ಥ್ಯದ ಐಫೋನುಗಳಲ್ಲಿ ಮಾತನ್ನು ಫೋನಿನೊಳಗೇ ಸಂಸ್ಕರಿಸುತ್ತದೆ. ಆದರೂ ಲಾಕ್ ಆಗಿರುವ ಪರದೆಯಲ್ಲಿ ಸಹಾಯಕ ಏನೇನು ಓದಿ ಹೇಳಬಹುದೆಂಬುದನ್ನು ಒಮ್ಮೆ ಸೆಟ್ಟಿಂಗ್ಸ್‌ಗೆ ಹೋಗಿ ನೋಡುವುದು ಒಳ್ಳೆಯದು. ವಾಹನ ಓಡಿಸುವವರಿಗೆ ಇನ್ನೊಂದು ಎಚ್ಚರಿಕೆ: ಕೈ ಚಕ್ರದ ಮೇಲೇ ಇದ್ದರೂ ಧ್ವನಿ ಆದೇಶ ಕೊಟ್ಟ ಮೇಲೆ ಮನಸ್ಸು ಪೂರ್ತಿಯಾಗಿ ರಸ್ತೆಗೆ ಮರಳಲು 27 ಸೆಕೆಂಡುಗಳವರೆಗೂ ಹಿಡಿಯಬಹುದೆಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ.

ಈಗ ದೊಡ್ಡ ಭಾಷಾ ಮಾದರಿಗಳು, ಅಂದರೆ ಅಪಾರ ಬರಹದಿಂದ ಕಲಿತು ತಾವೇ ವಾಕ್ಯ ಕಟ್ಟಬಲ್ಲ ವ್ಯವಸ್ಥೆಗಳು, ಸಹಾಯಕಗಳ ಒಳಗೆ ಬರುತ್ತಿವೆ. ಸುತ್ತಿ ಬಳಸಿ ಹೇಳಿದ್ದನ್ನೂ ಅವು ಅರ್ಥಮಾಡಿಕೊಳ್ಳುತ್ತವೆ, ಹಿಂದಿನ ವಾಕ್ಯವನ್ನು ನೆನಪಿಟ್ಟುಕೊಳ್ಳುತ್ತವೆ. ಇದು ನಿಜವಾದ ಮುನ್ನಡೆ, ನಾನು ಸ್ವಾಗತಿಸುತ್ತೇನೆ. ನನ್ನ ಆತಂಕವಿರುವುದು ಅವುಗಳ ನಿರರ್ಗಳತೆಯ ಬಗ್ಗೆ. ಹಳೆಯ ಸಹಾಯಕ ಸೋತಾಗ ಸೋತದ್ದು ಗೊತ್ತಾಗುತ್ತಿತ್ತು. ಹೊಸದು ತಪ್ಪು ದಿನಾಂಕವನ್ನೂ ಸರಿಯಾದ ದಿನಾಂಕದಷ್ಟೇ ನಯವಾಗಿ ಹೇಳಬಲ್ಲದು. ಹೀಗಾಗಿ ಹಣ, ಔಷಧಿ, ಪ್ರಯಾಣದ ಸಮಯ ಇವುಗಳ ಬಗ್ಗೆ ಅದು ಹೇಳಿದ್ದನ್ನು ನಾನು ಮೂಲ ಸಂದೇಶವನ್ನೋ ಕಡತವನ್ನೋ ತೆರೆದು ನೋಡದೆ ಒಪ್ಪುವುದಿಲ್ಲ, ಮನೆಯವರಿಗೂ ಹಾಗೆಯೇ ಹೇಳಿಕೊಟ್ಟಿದ್ದೇನೆ. ತಯಾರಕರಿಂದ ನಾನು ಬಯಸುವ ಸುಧಾರಣೆ ಬಹಳ ಸರಳವಾದದ್ದು. ವಿಮೆಯ ಪತ್ರ ಸಿಗದಿದ್ದಾಗ ಸಹಾಯಕ ‘ಫೈಲುಗಳಲ್ಲೂ ಇಮೇಲ್‌ನಲ್ಲೂ ನೋಡಿದೆ, ಚಾಟ್ ಒಳಗೆ ನೋಡಲು ನನಗೆ ಅನುಮತಿಯಿಲ್ಲ, ಮೂರು ಪಿಡಿಎಫ್‌ಗಳನ್ನು ಓದಲಾಗಲಿಲ್ಲ’ ಎಂದು ಹೇಳಲಿ. ಅಷ್ಟು ತಿಳಿದರೆ ಆ ಮೂರು ಕಡತಗಳನ್ನು ನಾನೇ ತೆರೆದು ನೋಡುತ್ತೇನೆ, ಅಲ್ಲಿಯೂ ಇಲ್ಲವಾದರೆ ಚಾಟ್ ಆ್ಯಪ್‌ಗೆ ಹೋಗುತ್ತೇನೆ.